ಹಳೇ ಪಿಟೀಲು ರಿಪೇರಿ ಮಾಡಿಸಬೇಕಾ? ಮೊದಲು ತಂತಿ ಕೊಳ್ಳಬೇಡಿ

ಅಟ್ಟದ ಮೇಲಿಂದಲೋ, ಯಾರೋ ಮನೆ ಖಾಲಿ ಮಾಡುವಾಗಲೋ ಒಂದು ಹಳೇ ಪಿಟೀಲು ಕೈಗೆ ಬರುತ್ತದೆ. ಪೆಟ್ಟಿಗೆ ತೆಗೆದರೆ ಮುಗ್ಗಲು ವಾಸನೆ. ಎರಡು ತಂತಿ ತುಂಡಾಗಿ ಸುರುಳಿ ಸುತ್ತಿಕೊಂಡಿವೆ, ಕುದುರೆ ಅಂದರೆ ಬ್ರಿಡ್ಜ್ ಮಕಾಡೆ ಮಲಗಿದೆ, ಅಲ್ಲಾಡಿಸಿದರೆ ಹೊಟ್ಟೆಯೊಳಗೆ ಏನೋ ಲೊಡಲೊಡ ಅನ್ನುತ್ತದೆ. ಆಗ ಎಲ್ಲರೂ ಮಾಡುವುದು ಒಂದೇ. ಹೋಗಿ ಹೊಸ ತಂತಿ ತರುತ್ತಾರೆ.

ನಾನೂ ಅದನ್ನೇ ಮಾಡಿದ್ದೆ. ತಂತಿ ತಂದೆ, ಹೊಸ ಕುದುರೆ ಹಾಕಿಸಿದೆ, ಜಾರುತ್ತವೆ ಅಂತ ತಂತಿ ಬಿಗಿ ಮಾಡುವ ಬಿರಡೆಗಳನ್ನೂ ಬದಲಾಯಿಸಿದೆ, ಎಲ್ಲಾ ಆದಮೇಲೆ ನುಡಿಸೋಣ ಅಂತ ಕೂತರೆ ತಂತಿ ಒತ್ತೋಕೇ ಆಗುತ್ತಿಲ್ಲ. ಫಿಂಗರ್ ಬೋರ್ಡ್, ಅಂದರೆ ಬೆರಳಿನಿಂದ ತಂತಿ ಒತ್ತುವ ಕಪ್ಪು ಪಟ್ಟಿ, ಅದರ ಕುದುರೆ ಕಡೆಯ ತುದಿಯಲ್ಲಿ ತಂತಿ 9 ಮಿಲಿಮೀಟರ್ ಮೇಲಿತ್ತು. ಇರಬೇಕಾದ್ದು ದಪ್ಪ ತಂತಿಗೆ ಐದೂವರೆ, ಸಣ್ಣ ತಂತಿಗೆ ಮೂರೂವರೆ ಆಸುಪಾಸು. ಪಿಟೀಲಿನ ಕತ್ತೇ ಮುಂದಕ್ಕೆ ಬಾಗಿತ್ತು. ಕೆಲಸ ಮಾಡಿಕೊಟ್ಟವರು ಅದನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದು ಸ್ಕೇಲ್ ಇಟ್ಟು ನೋಡಿದ್ದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಹಾಗಾಗಿ ಇಲ್ಲಿ ಹೇಳುವ ಕ್ರಮ ಸ್ವಲ್ಪ ತಲೆಕೆಳಗು ಅನ್ನಿಸಬಹುದು. ದುಬಾರಿ ಕಾಯಿಲೆ ಇದೆಯಾ ಅಂತ ಮೊದಲು ನೋಡಿ. ಅಗ್ಗದ ಕಾಯಿಲೆಗಳನ್ನು ಆಮೇಲೆ ಎಣಿಸಿದರಾಯಿತು, ಅವು ಹೇಗಿದ್ದರೂ ಇದ್ದೇ ಇರುತ್ತವೆ.

ಅದಕ್ಕೂ ಮುಂಚೆ ಆ ಚೀಟಿಯ ವಿಷಯ ಮುಗಿಸಿಬಿಡೋಣ. ಎಫ್ ಆಕಾರದ ತೂತಿನೊಳಗೆ ಇಣುಕಿದರೆ ಹಿಂದಿನ ಹಲಗೆಗೆ ಅಂಟಿಸಿದ ಒಂದು ಹಳದಿ ಕಾಗದ ಕಾಣುತ್ತದೆ, ಅದರಲ್ಲಿ ಆಂಟೋನಿಯಸ್ ಸ್ಟ್ರಾಡಿವೇರಿಯಸ್ ಅಂತ ಬರೆದಿರುತ್ತದೆ, ಎದೆ ಒಂದು ಸಲ ಧಸಕ್ ಅನ್ನುತ್ತದೆ. ಸಮಾಧಾನ ಮಾಡಿಕೊಳ್ಳಿ. ಪಿಟೀಲು ಮಾಡುವುದರಲ್ಲಿ ಹೆಸರಾದ ಇಟಲಿಯ ಆ ಸ್ಟ್ರಾಡಿವೇರಿ ಸತ್ತಿದ್ದು 1737ರಲ್ಲಿ. ಅವನ ಹೆಸರಿನ ಚೀಟಿ ಅಂಟಿಸಿದ ಪಿಟೀಲುಗಳು 19ನೇ ಶತಮಾನದ ಕೊನೆ ಮತ್ತು 20ನೇ ಶತಮಾನದ ಮೊದಲಲ್ಲಿ ಜರ್ಮನಿಯ ಮಾರ್ಕ್‌ನ್ಯೂಕಿರ್ಖೆನ್, ಅದರ ಪಕ್ಕದ ಬೊಹೀಮಿಯಾದ (ಈಗಿನ ಚೆಕ್ ದೇಶದ) ಷೋನ್‌ಬಾಖ್, ಫ್ರಾನ್ಸ್‌ನ ಮಿರ್ಕೂರ್ ಇಂಥ ಊರುಗಳಿಂದ ಲೆಕ್ಕವಿಲ್ಲದಷ್ಟು ಬಂದವು. ಮಾರ್ಕ್‌ನ್ಯೂಕಿರ್ಖೆನ್ ಕಡೆ ಒಂದು ಮನೆಯವರು ಬರೀ ಕತ್ತು ಕೆತ್ತುತ್ತಿದ್ದರು, ಇನ್ನೊಂದು ಮನೆಯವರು ಬರೀ ಹಲಗೆ, ಮತ್ತೊಬ್ಬರು ಎಲ್ಲ ಸೇರಿಸಿ ಜೋಡಿಸುತ್ತಿದ್ದರು. ಆ ಚೀಟಿ ಮೋಸಕ್ಕೆ ಅಂತಲೇ ಅಂಟಿಸಿದ್ದಲ್ಲ. ಸ್ಟ್ರಾಡಿವೇರಿಯ ಮಾದರಿ ನೋಡಿ ಮಾಡಿದ್ದು ಅನ್ನುವ ಗುರುತು, ಅಷ್ಟೇ. ಚೀಟಿಯಲ್ಲಿ ದೇಶದ ಹೆಸರು ಇಂಗ್ಲಿಷಿನಲ್ಲಿದ್ದರೆ ಸಾಮಾನ್ಯವಾಗಿ 1890ರ ನಂತರದ್ದು, ಯಾಕಂದರೆ ಆ ವರ್ಷದ ಅಮೆರಿಕದ ಸುಂಕದ ಕಾಯಿದೆ ಆಮದಾಗುವ ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಮಾಡಿತು. ಚೆಕೊಸ್ಲೊವಾಕಿಯಾ ಅಂತಿದ್ದರೆ 1918ಕ್ಕಿಂತ ಹಳೆಯದಲ್ಲ, ಆ ದೇಶ ಹುಟ್ಟಿದ್ದೇ ಆಗ.

ಚೀಟಿಗಿಂತ ಮರ ಹೆಚ್ಚು ಸತ್ಯ ಹೇಳುತ್ತದೆ. ಎಫ್ ತೂತಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಒಂದೇ ಮರದ ಎಳೆ ಮೇಲಿಂದ ಕೆಳಗೆ ಬಂದಿದ್ದರೆ ಅದು ಕೆತ್ತಿದ ಹಲಗೆ. ಬಿಸ್ಕತ್ತಿನ ಹಾಗೆ ಪದರ ಪದರ ಕಂಡರೆ ಪ್ಲೈವುಡ್. ಹಲಗೆಯ ಅಂಚಿಗೆ ಸುತ್ತಲೂ ಎರಡು ಕಪ್ಪು ಗೆರೆ ಇರುತ್ತವಲ್ಲ, ಅದು ಮರದ ಸಣ್ಣ ಪಟ್ಟಿಯನ್ನು ಕೊರೆದು ಕೂರಿಸಿದ್ದಾಗಿರಬೇಕು. ತೀರಾ ಅಗ್ಗದವುಗಳಲ್ಲಿ ಬರೀ ಬಣ್ಣದಲ್ಲಿ ಎಳೆದಿರುತ್ತಾರೆ. ಪ್ಲೈವುಡ್ಡು, ಮೇಲೆ ಬಣ್ಣದ ಗೆರೆ, ಎರಡೂ ಇದ್ದರೆ ಇಲ್ಲಿಗೇ ನಿಲ್ಲಿಸಬಹುದು. ಅದಕ್ಕೆ ತಂತಿ ಹಾಕಿ ಸುಮ್ನೆ ಆಡಿಕೊಳ್ಳಿ, ರಿಪೇರಿಗೆ ಅಂತ ಖರ್ಚು ಮಾಡಬೇಡಿ.

ಕೆತ್ತಿದ ಮರವೇ ಅಂತಾದರೆ ಮುಂದಕ್ಕೆ ಹೋಗೋಣ. ಒಳಗೆ ಲೊಡಲೊಡ ಅನ್ನುತ್ತಿದ್ದರೆ ಅದು ಬಹುಪಾಲು ಸೌಂಡ್ ಪೋಸ್ಟ್. ಸುಮಾರು 6 ಮಿಲಿಮೀಟರ್ ದಪ್ಪದ ಒಂದು ಮರದ ಕಡ್ಡಿ, ಕುದುರೆಯ ಸಣ್ಣ ತಂತಿ ಕಡೆಯ ಕಾಲಿನ ಸ್ವಲ್ಪ ಹಿಂದೆ, ಮೇಲಿನ ಹಲಗೆಗೂ ಹಿಂದಿನ ಹಲಗೆಗೂ ನಡುವೆ ಬರೀ ಒತ್ತಡದಲ್ಲಿ ನಿಂತಿರುತ್ತದೆ, ಅಂಟು ಇಲ್ಲ. ತಂತಿ ಸಡಿಲವಾದಾಗ ಬೀಳುವುದು ಅದರ ಸ್ವಭಾವ. ಅದು ಬಿದ್ದಿದೆ ಅಂತ ಪಿಟೀಲು ಕೆಟ್ಟಿದೆ ಅಂತಲ್ಲ. ಆದರೆ ಅದು ಬಿದ್ದಿರುವಾಗ ತಂತಿ ಬಿಗಿ ಮಾಡಿದರೆ ಮಾತ್ರ ಕೆಟ್ಟೀತು. ನಾಲ್ಕು ತಂತಿ ಸೇರಿ 20 ಕಿಲೋಗೂ ಜಾಸ್ತಿ ಎಳೆಯುತ್ತವೆ, ಅದರಲ್ಲಿ ಒಂದಷ್ಟು ಭಾರ ಕುದುರೆಯ ಮೂಲಕ ನೇರವಾಗಿ ಮೇಲಿನ ಹಲಗೆಯ ಮೇಲೆ ಕೂರುತ್ತದೆ, ಕೆಳಗೆ ಊರುಗೋಲು ಇಲ್ಲದಿದ್ದರೆ ಹಲಗೆ ಕುಸಿಯಬಹುದು, ಸೀಳಬಹುದು. ಆದ್ದರಿಂದ ಇಡೀ ಪರೀಕ್ಷೆ ಮುಗಿಯುವವರೆಗೂ ತಂತಿ ಸಡಿಲವಾಗೇ ಇರಲಿ.

ಈಗ ಕತ್ತು. ನನ್ನ ಪ್ರಕಾರ ಅರ್ಧ ತೀರ್ಮಾನ ಇಲ್ಲೇ ಆಗುತ್ತದೆ. ಒಂದು ನೇರವಾದ 30 ಸೆಂಟಿಮೀಟರ್ ಸ್ಕೇಲ್ ತಗೊಳ್ಳಿ. ಫಿಂಗರ್ ಬೋರ್ಡಿನ ಮಧ್ಯದ ಗೆರೆಯ ಮೇಲೆ, ನಡುವಿನ ಎರಡು ತಂತಿಗಳ ಸಂದಿಯಲ್ಲಿ, ಅಂಚಿನ ಮೇಲೆ ನಿಲ್ಲಿಸಿ ಕುದುರೆಯ ಕಡೆಗೆ ಚಾಚಿ. ಕುದುರೆ ಇಲ್ಲದಿದ್ದರೂ ಪರವಾಗಿಲ್ಲ, ಅದು ನಿಲ್ಲುವ ಜಾಗ ಗೊತ್ತಲ್ಲ, ಎರಡು ಎಫ್ ತೂತುಗಳ ಒಳಬದಿಯಲ್ಲಿ ಪುಟ್ಟ ಕಚ್ಚು ಇರುತ್ತದೆ, ಆ ಎರಡು ಕಚ್ಚುಗಳ ನಡುವೆ ಒಂದು ಗೆರೆ ಎಳೆದುಕೊಂಡಂತೆ ಊಹಿಸಿ. ಆ ಗೆರೆಯ ಮೇಲೆ ಸ್ಕೇಲಿನ ಕೆಳ ಅಂಚು ಹಲಗೆಯಿಂದ ಎಷ್ಟು ಎತ್ತರದಲ್ಲಿದೆ ಅಂತ ಇನ್ನೊಂದು ಸ್ಕೇಲಿನಿಂದ ಅಳೆಯಿರಿ. ದೊಡ್ಡ ಅಳತೆಯ ಪಿಟೀಲಿಗೆ 27 ಮಿಲಿಮೀಟರ್ ಇದ್ದರೆ ಚೆನ್ನಾಗಿದೆ. 25 ಇದ್ದರೆ ಹೇಗೋ ನಿಭಾಯಿಸಬಹುದು. 22, 23 ಅಂತ ಬಂದರೆ ಕತ್ತು ತಗ್ಗಿದೆ. ಆಗ ಸರಿಯಾದ ಎತ್ತರದ ಕುದುರೆ ಇಟ್ಟರೆ ತಂತಿ ನನ್ನದರ ಹಾಗೆ ಆಕಾಶದಲ್ಲಿರುತ್ತದೆ. ತಂತಿ ಇಳಿಸಬೇಕು ಅಂತ ಕುದುರೆಯನ್ನು ಗಿಡ್ಡ ಮಾಡಿದರೆ ಹಲಗೆಯ ಮೇಲೆ ಒತ್ತಡ ಕಡಿಮೆಯಾಗಿ ದನಿ ಸಪ್ಪೆಯಾಗುತ್ತದೆ, ಕಮಾನು ಸೊಂಟದ ಅಂಚಿಗೆ ತಾಗುತ್ತದೆ.

ಕತ್ತು ತಗ್ಗಿದ್ದರೆ ಯಾಕೆ ಅಂತಲೂ ನೋಡಿ. ಕತ್ತಿನ ಬುಡ ಹೊಟ್ಟೆಗೆ ಸೇರುವ ಜಾಗದಲ್ಲಿ ಕೂದಲೆಳೆಯಷ್ಟು ಸಂದಿ ಕಂಡರೆ, ಮೆಲ್ಲಗೆ ಅಲ್ಲಾಡಿಸಿದಾಗ ಅದು ಹಿಗ್ಗಿ ಕುಗ್ಗಿದರೆ, ಅಂಟು ಬಿಟ್ಟಿದೆ ಅಷ್ಟೇ. ಬಿಚ್ಚಿ ಮತ್ತೆ ಅಂಟಿಸುವುದು ಭಯಂಕರ ಖರ್ಚಿನದಲ್ಲ. ಸಂದಿಯೇ ಇಲ್ಲದೆ ಗಟ್ಟಿಯಾಗಿದ್ದೂ ತಗ್ಗಿದ್ದರೆ ಕತ್ತು ಬಿಚ್ಚಿ ಕೋನ ಬದಲಿಸಿ ಕೂರಿಸಬೇಕು, ಇದು ಅಗ್ಗದ ಪಿಟೀಲಿಗೆ ಭಾರಿ ಖರ್ಚು. ನಡುವಿನ ದಾರಿಯೊಂದಿದೆ. ಫಿಂಗರ್ ಬೋರ್ಡ್ ಕಿತ್ತು ಅದರ ಕೆಳಗೆ ಬೆಣೆಯಂಥ ಮರದ ಪಟ್ಟಿ ಕೂರಿಸಿ ಎತ್ತರಿಸುವುದು. ಶಾಸ್ತ್ರ ಹಿಡಿದು ಕೂರುವವರು ಮುಖ ಸಿಂಡರಿಸುತ್ತಾರೆ, ಆದರೆ ಕಲಿಯುವ ಪಿಟೀಲಿಗೆ ಅದು ಧಾರಾಳ ಸಾಕು. ರಿಪೇರಿಯವರು ತಾವಾಗಿ ಹೇಳದಿದ್ದರೆ ನೀವೇ ಕೇಳಿ.

ಆಮೇಲೆ ಬಿರುಕು. ಮೊದಲು ಒಳಗಿನ ಧೂಳು ತೆಗೆಯಿರಿ. ಹಳೇ ಉಪಾಯ ಒಂದಿದೆ: ಎಫ್ ತೂತಿನಿಂದ ಒಂದು ಹಿಡಿ ಒಣ ಅಕ್ಕಿ ಒಳಗೆ ಹಾಕಿ, ಪಿಟೀಲನ್ನು ಮೊರದ ಹಾಗೆ ಆ ಕಡೆ ಈ ಕಡೆ ಮೆಲ್ಲಗೆ ಆಡಿಸಿ, ಬೋರಲು ಹಾಕಿ ಅಕ್ಕಿ ಸುರಿದುಬಿಡಿ. ಅಕ್ಕಿಯ ಜೊತೆ ಬೂದು ಬಣ್ಣದ ಹತ್ತಿಯಂಥ ಉಂಡೆಗಳು ಉದುರುತ್ತವೆ. ನನ್ನದರಲ್ಲಿ ಒಂದು ಶರ್ಟಿನ ಗುಂಡಿಯೂ ಬಂತು, ಅದು ಹೇಗೆ ಒಳಗೆ ಹೋಯಿತೋ ದೇವರಿಗೇ ಗೊತ್ತು. ಹಲಗೆ ಈಗಾಗಲೇ ಬಾಯಿಬಿಟ್ಟಿರುವುದು ಕಣ್ಣಿಗೇ ಕಾಣುತ್ತಿದ್ದರೆ ಮಾತ್ರ ಇದನ್ನು ಮಾಡಬೇಡಿ, ಕಾಳು ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಧೂಳು ಹೋದಮೇಲೆ ರಾತ್ರಿ ಕೋಣೆಯ ದೀಪ ಆರಿಸಿ. ದಾರಕ್ಕೆ ಕಟ್ಟಿದ ಪುಟ್ಟ ಎಲ್‌ಇಡಿ ಒಂದನ್ನು ಎಫ್ ತೂತಿನಿಂದ ಒಳಗೆ ಇಳಿಸಿ, ಹೊರಗಿನಿಂದ ನಿಧಾನಕ್ಕೆ ತಿರುಗಿಸಿ ನೋಡಿ. ಹೊರಗೆ ಬರೀ ಗೀರು ಅಂದುಕೊಂಡಿದ್ದು ಪೂರ್ತಿ ಸೀಳಾಗಿದ್ದರೆ ಅಲ್ಲಿ ಕೆಂಪನೆಯ ಬೆಳಕಿನ ಗೆರೆ ಕಾಣುತ್ತದೆ. ಬೆಳಕು ಕಾಣದಿದ್ದರೆ ಬಿರುಕೇ ಇಲ್ಲ ಅಂತಲ್ಲ, ಮುಚ್ಚಿಕೊಂಡ ಬಿರುಕು ಬೆಳಕು ಬಿಡುವುದಿಲ್ಲ, ಆದರೂ ಮುಖ್ಯವಾದವು ಹೆಚ್ಚುಪಾಲು ಸಿಕ್ಕಿಬೀಳುತ್ತವೆ.

ಬಿರುಕು ಎಷ್ಟು ಉದ್ದ ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದು ಮುಖ್ಯ. ಕೆಳತುದಿಯಲ್ಲಿ ತಂತಿಗಳನ್ನು ಸಿಕ್ಕಿಸುವ ಟೇಲ್ ಪೀಸಿನ ದಾರ ಹಾದುಹೋಗುವ ಕಪ್ಪು ಮರದ ತುಂಡು ಇದೆಯಲ್ಲ, ಸ್ಯಾಡಲ್ ಅಂತಾರೆ, ಅದರ ಮೂಲೆಯಿಂದ ಹೊರಟ ಬಿರುಕು ತುಂಬಾ ಸಾಮಾನ್ಯ. ಸ್ಪ್ರೂಸ್ ಮರದ ಮೇಲಿನ ಹಲಗೆ ಒಣಗಿ ಕುಗ್ಗುತ್ತದೆ, ನಡುವೆ ಕೂತ ಆ ಕಪ್ಪು ಮರ, ಎಬೊನಿ, ಅಷ್ಟು ಕುಗ್ಗುವುದಿಲ್ಲ, ಹಾಗಾಗಿ ಹಲಗೆ ಸೀಳುತ್ತದೆ. ಎಫ್ ತೂತಿನ ರೆಕ್ಕೆಯ ತುದಿಯಲ್ಲಿ ಆಗುವ ಬಿರುಕೂ ಹಾಗೇ. ಇವೆರಡನ್ನೂ ಎಷ್ಟೋ ಸಲ ಹಲಗೆ ಬಿಚ್ಚದೆ ಅಂಟಿಸಿಬಿಡಬಹುದು. ಭಯಪಡಬೇಕಾದ್ದು ಸೌಂಡ್ ಪೋಸ್ಟಿನ ನೆತ್ತಿಯ ಮೇಲಿನ ಬಿರುಕಿಗೆ, ಮೇಲಿನ ಹಲಗೆಯ ಒಳಗೆ ದಪ್ಪ ತಂತಿ ಕಡೆ ಉದ್ದಕ್ಕೆ ಅಂಟಿಸಿದ ಮರದ ಪಟ್ಟಿ, ಅಂದರೆ ಬಾಸ್ ಬಾರ್, ಅದು ಅಂಟಿರುವ ಗೆರೆಯುದ್ದಕ್ಕೂ ಇರುವ ಬಿರುಕಿಗೆ, ಎಲ್ಲಕ್ಕಿಂತ ಜಾಸ್ತಿ ಹಿಂದಿನ ಹಲಗೆಯಲ್ಲಿ ಸೌಂಡ್ ಪೋಸ್ಟ್ ಕೂರುವ ಜಾಗದ ಬಿರುಕಿಗೆ. ಆ ಜಾಗ ಪ್ರತಿ ಕ್ಷಣ ಒತ್ತಡದಲ್ಲಿರುತ್ತದೆ, ಬರೀ ಅಂಟು ಹಾಕಿದರೆ ನಿಲ್ಲುವುದಿಲ್ಲ. ಮೇಲಿನ ಹಲಗೆ ಬಿಚ್ಚಿ, ಬಿರುಕಿನ ಜಾಗದಲ್ಲಿ ಮರ ತೋಡಿ, ಹೊಸ ಮರದ ತೇಪೆ ಕೂರಿಸಬೇಕು. ಬೆಲೆಬಾಳುವ ಪಿಟೀಲಿನ ಬೆಲೆಯನ್ನೇ ಇದು ಗಣನೀಯವಾಗಿ ಇಳಿಸುತ್ತದೆ. ಅಗ್ಗದ್ದಕ್ಕೆ ಇದಿದ್ದರೆ ನನ್ನ ಉತ್ತರ: ಬೇಡ.

ತಲೆಯ ಕಡೆಯೂ ಒಮ್ಮೆ ನೋಡಿ. ಬಿರಡೆ ಕೂರುವ ಪೆಟ್ಟಿಗೆಯ ಗೋಡೆಯಲ್ಲಿ, ಅದರಲ್ಲೂ ಸಣ್ಣ ತಂತಿಯ ಪಕ್ಕದ ತಂತಿ, ಅಂದರೆ ಎ ತಂತಿಯ ಬಿರಡೆಯ ತೂತಿನ ಹತ್ತಿರ ಬಿರುಕು ಆಗುವುದುಂಟು. ಬಿರಡೆ ತಿರುಗಿಸಿದಾಗ ಅದು ಬಾಯಿ ತೆರೆದರೆ ಆ ಪಿಟೀಲು ಶ್ರುತಿಯಲ್ಲಿ ನಿಲ್ಲುವುದು ಕಷ್ಟ. ಹಾಗೆಯೇ ಮರದ ಮೇಲೆ ಸೂಜಿ ಚುಚ್ಚಿದಂಥ ದುಂಡು ತೂತುಗಳಿವೆಯಾ, ತಟ್ಟಿದರೆ ಹೊಸದಾಗಿ ಸಣ್ಣ ಪುಡಿ ಉದುರುತ್ತದಾ? ಹುಳ ಬಿದ್ದಿದೆ. ಮನೆಯ ಬೇರೆ ವಾದ್ಯಗಳಿಂದ ದೂರ ಇಡಿ.

ಇಷ್ಟರಲ್ಲಿ ಪಾಸಾದರೆ ಉಳಿದದ್ದೆಲ್ಲಾ ಸಣ್ಣ ಪುಟ್ಟದ್ದೇ. ಬೆರಳಿನ ಗೆಣ್ಣಿನಿಂದ ಅಂಚಿನ ಸುತ್ತಲೂ ಕುಟ್ಟುತ್ತಾ ಬನ್ನಿ. ಟಕ್ ಟಕ್ ಅಂತ ಗಟ್ಟಿಯಾಗಿ ಬರುತ್ತಿದ್ದ ಸದ್ದು ಒಂದು ಕಡೆ ಚಟಪಟ ಅಂತ ಒಡಕಲಾದರೆ ಅಲ್ಲಿ ಹಲಗೆ ಮತ್ತು ಪಕ್ಕದ ಪಟ್ಟಿಯ ನಡುವಿನ ಅಂಟು ಬಿಟ್ಟಿದೆ. ತೆಳು ಕಾಗದ ತೂರಿಸಿ ಎಲ್ಲಿಂದ ಎಲ್ಲಿಯವರೆಗೆ ಅಂತ ಗುರುತು ಹಾಕಿಕೊಳ್ಳಿ. ಇದನ್ನು ನೋಡಿ ಎಷ್ಟೋ ಜನ ಪಿಟೀಲೇ ಹೋಯಿತು ಅಂದುಕೊಳ್ಳುತ್ತಾರೆ, ನಿಜ ಹೇಳಬೇಕಂದರೆ ಅದು ಬಿಡಲಿ ಅಂತಲೇ ಹಾಗೆ ಅಂಟಿಸಿರುತ್ತಾರೆ. ಪ್ರಾಣಿಗಳ ಚರ್ಮದಿಂದ ಮಾಡಿದ ಅಂಟು ಅದು, ಬಿಸಿ ಮತ್ತು ತೇವಕ್ಕೆ ಬಿಡುತ್ತದೆ. ಹವೆ ಬದಲಾಗಿ ಮರ ಹಿಗ್ಗಿ ಕುಗ್ಗಿದಾಗ ಹಲಗೆ ಸೀಳುವ ಬದಲು ಅಂಟು ಬಿಟ್ಟುಕೊಡಲಿ ಅನ್ನುವ ಲೆಕ್ಕ. ಮತ್ತೆ ಅಂಟಿಸುವುದು ರಿಪೇರಿಯವರಿಗೆ ದಿನನಿತ್ಯದ ಕೆಲಸ.

ಇಲ್ಲೇ ಒಂದು ಬೇಡಿಕೆ. ದಯವಿಟ್ಟು ನೀವೇ ಮರಗೆಲಸದ ಬಿಳಿ ಅಂಟನ್ನೋ ಸೂಪರ್ ಗ್ಲೂವನ್ನೋ ಹಾಕಬೇಡಿ. ಮುಂದೆ ಯಾವತ್ತಾದರೂ ಹಲಗೆ ಬಿಚ್ಚಬೇಕಾದಾಗ ಅಂಟು ಬಿಡುವುದಿಲ್ಲ, ಮರವೇ ಕಿತ್ತುಬರುತ್ತದೆ. ಹೊಳಪು ಬರಲಿ ಅಂತ ಸ್ಪಿರಿಟ್ಟಿನಲ್ಲೂ ಒರೆಸಬೇಡಿ, ವಾರ್ನಿಷ್ ಕರಗೀತು. ಒಣ ಬಟ್ಟೆ ಸಾಕು.

ಬಿರಡೆ ಜಾರುತ್ತಿದ್ದರೆ ತಕ್ಷಣ ಬದಲಿಸಬೇಕಿಲ್ಲ. ಬಿರಡೆಗೆ ಹಚ್ಚುವ ಪೇಸ್ಟ್ ಸಿಗುತ್ತದೆ. ಇಲ್ಲವಾದರೆ ಹಳಬರ ಹಾಗೆ ಸೀಮೆಸುಣ್ಣ ಮತ್ತು ಒಣ ಸೋಪು: ಜಾರಿದರೆ ಸುಣ್ಣ, ಬಿಗಿಯಾದರೆ ಸೋಪು. ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಮಾತ್ರ ಹೊಸ ಬಿರಡೆಯ ಮಾತು. ಫಿಂಗರ್ ಬೋರ್ಡಿನಲ್ಲಿ ತಂತಿಯ ಕೆಳಗೆ ಚರಂಡಿಯಂತೆ ಗೆರೆ ಬಿದ್ದಿದ್ದರೆ, ಅದು ನಿಜವಾದ ಎಬೊನಿಯಾದರೆ ಉಜ್ಜಿ ಮಟ್ಟ ಮಾಡಬಹುದು, ಬಿಳಿ ಮರಕ್ಕೆ ಕಪ್ಪು ಬಳಿದದ್ದಾದರೆ ಉಜ್ಜಿದ ಕೂಡಲೇ ಬಣ್ಣ ಬಯಲು. ಕೆಳಬದಿಯನ್ನು ನೋಡಿದರೆ ಯಾವುದು ಅಂತ ಸಾಮಾನ್ಯವಾಗಿ ಗೊತ್ತಾಗುತ್ತದೆ.

ಕಮಾನಿನ ವಿಷಯ ಬೇಗ ಮುಗಿಸುತ್ತೇನೆ. ಅಗ್ಗದ ಹಳೇ ಕಮಾನಿಗೆ ಹೊಸ ಕೂದಲು ಹಾಕಿಸುವ ಖರ್ಚಿಗೆ ಹೆಚ್ಚುಕಮ್ಮಿ ಹೊಸ ಕಮಾನೇ ಬರುತ್ತದೆ. ಕೋಲು ಒಂದು ಕಡೆಗೆ ಸೊಟ್ಟಗಾಗಿದ್ದರಂತೂ ಯೋಚನೆಯೇ ಬೇಡ. ಕೂದಲು ತುಂಡು ತುಂಡಾಗಿ ಪೆಟ್ಟಿಗೆಯಲ್ಲಿ ಉದುರಿದ್ದರೆ ಅದನ್ನು ತಿನ್ನುವ ಹುಳ ಪೆಟ್ಟಿಗೆಯಲ್ಲಿದೆ ಅಂತ ಅರ್ಥ, ಹೊಸ ಕಮಾನನ್ನು ಅದರಲ್ಲಿ ಇಡಬೇಡಿ.

ಇನ್ನು ದುಡ್ಡು. ರಿಪೇರಿಯವರ ಹತ್ತಿರ ಹೋದಾಗ "ಇದನ್ನು ಸರಿ ಮಾಡೋಕೆ ಎಷ್ಟಾಗುತ್ತೆ" ಅಂತ ಕೇಳಬೇಡಿ. ಸರಿ ಮಾಡುವುದಕ್ಕೆ ಕೊನೆಯೇ ಇಲ್ಲ. "ನುಡಿಸುವ ಹಾಗಾಗಬೇಕು, ಅದಕ್ಕೆ ಕಡಿಮೆ ಅಂದರೆ ಏನೇನು ಬೇಕು, ಬಿಡಿಬಿಡಿಯಾಗಿ ಹೇಳಿ" ಅಂತ ಕೇಳಿ. ಎರಡು ಪ್ರಶ್ನೆಗೂ ಬರುವ ಉತ್ತರದಲ್ಲಿ ಅಜಗಜಾಂತರ ಇರುತ್ತದೆ. ಆ ಮೊತ್ತವನ್ನು ನಿಮ್ಮ ಪಿಟೀಲಿನ ಬೆಲೆಗೆ ಹೋಲಿಸಬೇಡಿ, ಅದಕ್ಕೆ ಬೆಲೆಯೇ ಇಲ್ಲದಿರಬಹುದು. ಕಲಿಯುವವರಿಗೆ ಸಾಲುವಂಥ, ಸರಿಯಾಗಿ ಸಜ್ಜು ಮಾಡಿದ ಹೊಸ ಪಿಟೀಲಿಗೆ ಎಷ್ಟಾಗುತ್ತದೆ ಅನ್ನುವುದಕ್ಕೆ ಹೋಲಿಸಿ. ಅದರ ಅರ್ಧದೊಳಗೆ ಮುಗಿದರೆ ನಾನು ಕಣ್ಣುಮುಚ್ಚಿ ಮಾಡಿಸುತ್ತೇನೆ. ಮುಕ್ಕಾಲು ಭಾಗ ಆದರೆ ಮರ ಚೆನ್ನಾಗಿರುವ ಹಳೇ ಕೆತ್ತನೆಯ ಪಿಟೀಲಿಗೆ ಮಾತ್ರ ಹೂಂ ಅನ್ನುತ್ತೇನೆ, ಚೆನ್ನಾಗಿ ಸಜ್ಜಾದ ನೂರು ವರ್ಷದ ಸಾಧಾರಣ ಪಿಟೀಲು ಅದೇ ಬೆಲೆಯ ಹೊಸದಕ್ಕಿಂತ ಚೆನ್ನಾಗಿ ನುಡಿದದ್ದನ್ನು ಕೇಳಿದ್ದೇನೆ. ಅದಕ್ಕಿಂತ ಮೇಲೆ ಹೋದರೆ ಇಲ್ಲ.

ಖರ್ಚಿನಲ್ಲೂ ಎರಡು ಜಾತಿ ಇದೆ, ಇದನ್ನು ಯಾರೂ ಹೇಳುವುದಿಲ್ಲ. ತಂತಿ, ಗದ್ದಕ್ಕೆ ಇಡುವ ಚಿನ್ ರೆಸ್ಟ್, ಪೆಟ್ಟಿಗೆ, ಕಮಾನು ಇವೆಲ್ಲಾ ನಾಳೆ ಬೇರೆ ಪಿಟೀಲಿಗೂ ಬರುತ್ತವೆ, ಆ ದುಡ್ಡು ಮುಳುಗುವುದಿಲ್ಲ. ಕುದುರೆ, ಬಿರಡೆ, ಸೌಂಡ್ ಪೋಸ್ಟ್ ಹಾಗಲ್ಲ, ಅವನ್ನು ಅದೇ ಪಿಟೀಲಿನ ಮೈಗೆ, ಅದೇ ತೂತಿಗೆ ಹೊಂದುವಂತೆ ಕೆತ್ತಿರುತ್ತಾರೆ. ಪಿಟೀಲು ಹೋದರೆ ಅವೂ ಹೋದಂತೆ. ಅನುಮಾನವಿದ್ದಾಗ ಎರಡನೇ ಜಾತಿಯ ಖರ್ಚಿನ ಬಗ್ಗೆ ಮಾತ್ರ ತಲೆ ಕೆಡಿಸಿಕೊಳ್ಳಿ.

ಯಾರು ನುಡಿಸುತ್ತಾರೆ ಅನ್ನುವುದೂ ಲೆಕ್ಕಕ್ಕೆ ಬರಬೇಕು ಅಲ್ವಾ. ಮೊದಲು ಅಳತೆ ನೋಡಿ: ಹಿಂದಿನ ಹಲಗೆಯ ಉದ್ದ, ಮೇಲಿನ ಪುಟ್ಟ ನಾಲಿಗೆ ಬಿಟ್ಟು, 356 ಮಿಲಿಮೀಟರ್ ಸುಮಾರಿಗೆ ಇದ್ದರೆ ಪೂರ್ತಿ ಅಳತೆಯದು. 335 ಆಸುಪಾಸು ಇದ್ದರೆ ಮುಕ್ಕಾಲು ಅಳತೆ, ಮಕ್ಕಳದ್ದು. ಮಗು ಕೆಲವೇ ವರ್ಷದಲ್ಲಿ ಅದನ್ನು ಬಿಟ್ಟು ದೊಡ್ಡದಕ್ಕೆ ಹೋಗುತ್ತದೆ, ಅದಕ್ಕೆ ದೊಡ್ಡ ರಿಪೇರಿ ದಂಡ. ಆಗ ತಾನೇ ಕಲಿಯುವ ಮಗುವಿಗೆ ಬಿರಡೆ ಜಾರುವ, ತಂತಿ ಎತ್ತರದಲ್ಲಿರುವ ಪಿಟೀಲು ಕೊಟ್ಟು "ಮೊದಲು ಇದರಲ್ಲಿ ಕಲಿ, ಆಮೇಲೆ ಒಳ್ಳೇದು ಕೊಡಿಸ್ತೀನಿ" ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಚೆನ್ನಾಗಿ ನುಡಿಸಬಲ್ಲವರಿಗೇ ಆ ಪಿಟೀಲಿನಲ್ಲಿ ಸ್ವರ ಸರಿಯಾಗಿ ಬರುವುದಿಲ್ಲ. ಮಗು ತನಗೇ ಬರುತ್ತಿಲ್ಲ ಅಂದುಕೊಂಡು ಬಿಟ್ಟುಬಿಡುತ್ತದೆ.

ತಾತನ ಪಿಟೀಲು, ಹಾಗಾಗಿ ಬೇಕೇ ಬೇಕು ಅಂದರೆ ಮೇಲಿನ ಲೆಕ್ಕ ಯಾವುದೂ ಬೇಡ. ಆದರೆ ಆಗಲೂ ಎರಡು ಬೇರೆ ಕೆಲಸಗಳಿವೆ ಅನ್ನುವುದು ತಿಳಿದಿರಲಿ. ಇನ್ನಷ್ಟು ಕೆಡದಂತೆ ನಿಲ್ಲಿಸುವುದು ಒಂದು, ನುಡಿಸುವಂತೆ ಮಾಡುವುದು ಇನ್ನೊಂದು. ಬಿಟ್ಟ ಅಂಟು ಹಾಕಿಸಿ, ಬಿರುಕು ಬೆಳೆಯದಂತೆ ಮಾಡಿಸಿ, ತಂತಿ ಸಡಿಲವಾಗಿಟ್ಟು, ಬಿಸಿಲು ತೇವ ಎರಡೂ ಬೀಳದ ಕಡೆ ಇಟ್ಟರೆ ಅದು ತಾತನ ಪಿಟೀಲಾಗಿಯೇ ಇರುತ್ತದೆ. ಕತ್ತು, ಬಿರಡೆ, ಫಿಂಗರ್ ಬೋರ್ಡ್ ಎಲ್ಲಾ ಬದಲಾಯಿಸಿದರೆ ಅವರ ಕೈ ಆಡಿದ ಭಾಗಗಳೇ ಹೋಗಿರುತ್ತವೆ.

ಬೇಡ ಅಂತ ತೀರ್ಮಾನವಾದರೂ ಎಸೆಯಬೇಡಿ. ನನ್ನ ಆ ಕತ್ತು ತಗ್ಗಿದ ಪಿಟೀಲಿನ ತಂತಿ ಈಗ ಬೇರೊಂದರ ಮೇಲಿವೆ. ಪಿಟೀಲು ಮೇಜಿನ ಮೇಲಿದೆ, ಎಸ್ ಆಕಾರದ ಉದ್ದ ಕಡ್ಡಿಯಿಂದ ಸೌಂಡ್ ಪೋಸ್ಟ್ ನಿಲ್ಲಿಸುವುದನ್ನು ಅದರ ಮೇಲೆ ಕಲಿಯುತ್ತಿದ್ದೇನೆ. ಎಫ್ ತೂತಿನಿಂದ ಕಡ್ಡಿ ತೂರಿಸಿ, ಉಸಿರು ಬಿಗಿಹಿಡಿದು, ಪೋಸ್ಟಿನ ತಲೆಯನ್ನು ಒಂದಿಷ್ಟು ಎಳೆದರೆ ಅದು ಟಕ್ ಅಂತ ಬೀಳುತ್ತದೆ. 17ನೇ ಸಲಕ್ಕೆ ನಿಂತಿತು. ಸ್ವಲ್ಪ ಓರೆಯಾಗಿದೆ, ಆದರೂ ನಿಂತಿದೆ.